ಲಾರಿ ಹೋದ ಮೇಲೆ

ಅರವತ್ತರ ದಶಕದಲ್ಲಿ, ಮಕ್ಕಳಿಗೆ ರಸ್ತೆ ನಿಯಮ ಕಲಿಸಲು ನನ್ನನ್ನು ದಾಂಡೇಲಿಯ ಒಂದು ಶಾಲೆಗೆ ಕಳಿಸಿದ್ದರು. ಅಂಗಳದಲ್ಲಿ ಸುಣ್ಣದಿಂದ ರಸ್ತೆ ಬರೆದೆ. ನಾನೇ ಲಾರಿಯಾಗಿ, ಬಾಯಲ್ಲೇ ಹಾರ್ನ್ ಹೊಡೆಯುತ್ತ ಓಡಿದೆ. ಲಾರಿ ಹೋದ ಕೂಡಲೇ ಮಕ್ಕಳು ಎರಡೂ ಕಡೆ ನೋಡಿ ದಾಟಬೇಕು. ಎಲ್ಲರೂ ದಾಟಿದರು. ಒಬ್ಬ ಹುಡುಗಿ ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

"ಲಾರಿ ಹೋತಲ್ಲ, ಇನ್ನೂ ಯಾಕ ನಿಂತಿ?" ಎಂದು ಗದರಿದೆ.

"ಲಾರಿ ಹೋತ್ರಿ ಸರ. ಹಿಂದಿನ ಬಿದಿರು ಇನ್ನೂ ಹೋಗಿಲ್ರಿ."

ನಾನು ನಕ್ಕೆ. ಮಕ್ಕಳು ಯಾರೂ ನಗಲಿಲ್ಲ.

"ಕಾಗದದ ಮಿಲ್ಲಿಗೆ ಒಯ್ಯೋ ಬಿದಿರು ಲಾರಿಗಿಂತ ಉದ್ದ ಇರ್ತೈತ್ರಿ. ತಿರುವಿನ್ಯಾಗ ಲಾರಿ ಹೊಳ್ಳುವಾಗ ಅದರ ತುದಿ ರಸ್ತೆ ಬದಿಗೆ ಬೀಸಿ ಬರ್ತೈತ್ರಿ. ನಮ್ಮಪ್ಪ, ಲಾರಿ ಹೋತು ಅಂತ ಸೈಕಲ್ ಹತ್ತಿದನ್ರಿ..."

ಕೈಯಲ್ಲಿದ್ದ ನಿಯಮದ ಪುಸ್ತಕ ತಿರುವಿದೆ. ಅದರಲ್ಲಿ ಲಾರಿಯ ಚಿತ್ರವಿತ್ತು, ಬಿದಿರು ಇರಲಿಲ್ಲ. ಮತ್ತೊಮ್ಮೆ ಲಾರಿಯಾಗಿ ಓಡಿದೆ. ಈ ಸಲ ಮಕ್ಕಳೆಲ್ಲ ಅವಳ ಪಕ್ಕದಲ್ಲೇ ನಿಂತಿದ್ದರು.

ಸಂಜೆ ಬಸ್ಸಿಗೆ ಹೊರಟಾಗ, ಬಿದಿರು ಹೇರಿಕೊಂಡ ಲಾರಿಯೊಂದು ನನ್ನನ್ನು ದಾಟಿ ತಿರುವಿನಲ್ಲಿ ತಿರುಗತೊಡಗಿತು. ಪುಸ್ತಕದ ಪ್ರಕಾರ ನಾನು ಆಗಲೇ ರಸ್ತೆ ದಾಟಬಹುದಿತ್ತು. ನಿಯಮ ಕಲಿಸಲು ಬಂದವನು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ.