ತಾನಾಗಿ ಬೆಳೆದ ಫೈಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದುದು, "ಆಗ ಜ್ವರ ಇತ್ತೇನ್ರೀ?" ಎಂದು. ಐದಕ್ಕೆ ಏಳುವುದು, ಏಳೂವರೆಗೆ ಪುಣೆಯ ಭೋಸರಿಗೆ ಹೋಗುವ ಬಸ್ಸು, ಎಂಟೂವರೆಗೆ ಮೇಜು. ಈ ದಿನಚರಿಯಲ್ಲಿ ದೆವ್ವಕ್ಕೆ ಜಾಗವಿರಲಿಲ್ಲ. ಅಂದು ನನಗೆ ಜ್ವರವಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತುಗಳಿಗೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ವಿಭಾಗ ನನ್ನದು. ಬರೆಯುವ ಎಡಿಟರಿಗೆ ಒಂದು ಪ್ಲಗಿನ್, ಅಂದರೆ ಪುಟ್ಟ ಹೆಚ್ಚುವರಿ ತಂತ್ರಾಂಶ, ಜೋಡಿಸಿದ್ದೆ. ಎಡಗಡೆ ಫೈಲುಗಳ ಪಟ್ಟಿ ಕಾಣುತ್ತಿತ್ತು. ಅಲ್ಲಿಂದಲೇ ತೆರೆಯಬಹುದು, ಅಳಿಸಬಹುದು. ಪ್ರತಿ ಸಲ "ನಿಜವಾಗಿ ಅಳಿಸಬೇಕೆ?" ಎಂದು ಕೇಳುತ್ತಿತ್ತು. ಸಮಯ ಹಾಳೆಂದು ಆ ಪ್ರಶ್ನೆಯನ್ನೇ ಕಿತ್ತುಹಾಕಿದ್ದೆ. ಬುಧವಾರ ಸಂಜೆ ಬೇಡದ ಫೈಲುಗಳನ್ನು ಅಳಿಸಿ, ಹಳೆಯ ನಕಲನ್ನು ತೆಗೆದುಹಾಕಿ ಅದರ ಜಾಗದಲ್ಲಿ ಉಳಿದವುಗಳ ನಕಲು ಇಡುವುದು ನನ್ನ ಪದ್ಧತಿ.

ಒಂದು ಬುಧವಾರ ನೋಡಿದರೆ ಸುಮಿತ್ರಾ ಕಟ್ಟಿಯವರು ಹಿಂದಿನ ವಾರ ಮುಗಿಸಿಟ್ಟಿದ್ದ ಪ್ರೋಗ್ರಾಂ ಇಲ್ಲ. ಧಾರವಾಡದ ಕಡೆಯವರು, ನನ್ನ ವಿಭಾಗದವರೇ. ಎರಡು ತಿಂಗಳ ಕೆಲಸ. ಅವರು ಬರೆದೇ ಇಲ್ಲ, ಸುಳ್ಳು ಹೇಳುತ್ತಿದ್ದಾರೆ ಎಂದು ಮ್ಯಾನೇಜರು ಎಲ್ಲರೆದುರು ಮರಾಠಿಯಲ್ಲಿ ಕೂಗಾಡಿದರು. ಶುಕ್ರವಾರ ತರದಿದ್ದರೆ ಕೆಲಸಕ್ಕೇ ಬರಬೇಡಿ ಎಂದರು.

ಸುಮಿತ್ರಾ ನನ್ನತ್ತ ತಿರುಗಿದರು. "ಸರ, ನೀವ ನೋಡೀರಲ್ಲರೀ? ಹೇಳ್ರೀ ಅವರಿಗೆ."

"ಹುಡುಕೋಣ್ರಿ" ಎಂದಷ್ಟೇ ಅಂದೆ.

ಮರುದಿನ ಗುರುವಾರ, ಭೋಸರಿಯ ಕೈಗಾರಿಕಾ ಎಸ್ಟೇಟಿಗೆ ವಾರದ ರಜೆ. ಯಂತ್ರಗಳೆಲ್ಲ ನಿಂತಿದ್ದವು. ಒಬ್ಬನೇ ಹೋಗಿ ಪ್ಲಗಿನ್ ಪರೀಕ್ಷಿಸಿದೆ. ಬೆಳಿಗ್ಗೆ ಹತ್ತರೊಳಗೆ ದೋಷ ಸಿಕ್ಕಿತು. ಒಂದು ಫೈಲು ಅಳಿಸಿದೊಡನೆ ಒಳಗಿನ ಪಟ್ಟಿ ಒಂದು ಸಾಲು ಮೇಲೆ ಸರಿಯುತ್ತಿತ್ತು. ಪರದೆಯ ಮೇಲೆ ಮಾತ್ರ ಹಳೆಯದೇ ನಿಂತಿರುತ್ತಿತ್ತು. ಮತ್ತೊಮ್ಮೆ ಅಳಿಸಿದರೆ ಹೋಗುತ್ತಿದ್ದುದು ನಾನು ಆರಿಸಿದ್ದಲ್ಲ, ಅದರ ಕೆಳಗಿನ ಫೈಲು. ಹಿಂದಿನ ಬುಧವಾರ ಅವರ ಕೆಲಸವನ್ನು ಅಳಿಸಿದವನು ನಾನೇ.

ದೋಷ ತಿದ್ದಿ ಎಡಿಟರನ್ನು ಮತ್ತೆ ತೆರೆದೆ. ಪಟ್ಟಿಯ ಕೊನೆಯಲ್ಲಿ ಅವರ ಫೈಲಿತ್ತು. ಒಳಗೆ ಒಂಬತ್ತೇ ಸಾಲು. ನೋಡುತ್ತಿದ್ದಂತೆ ಹತ್ತನೆಯದು ಬಂತು, ಒಂದೊಂದೇ ಅಕ್ಷರವಾಗಿ. ನೆಟ್‌ವರ್ಕಿನ ತಂತಿ ಕಿತ್ತೆ. ಹನ್ನೊಂದನೆಯದು ಬಂತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಒಂದು ಅಳತೆ ತಪ್ಪಾಗಿ ಮೂಡಿತು, ತುಸು ತಡೆದು ಅಳಿಸಿಹೋಯಿತು, ಸರಿಯಾದದ್ದು ಬಂತು. ಹನ್ನೆರಡೂ ಕಾಲಿಗೆ, ಸಾಲಿನ ಅರ್ಧದಲ್ಲಿ, ನಿಂತುಬಿಟ್ಟಿತು. ಇದ್ದಷ್ಟನ್ನು ಮುದ್ರಿಸಿಕೊಂಡು ಕೊಂಢವಾದಲ್ಲಿದ್ದ ಅವರ ಮನೆಗೆ ಹೋದೆ.

ಅಲ್ಲಿ ಕಂಪ್ಯೂಟರಿರಲಿಲ್ಲ. ಚಾಪೆಯ ಮೇಲೆ ನೋಟ್‌ಬುಕ್ಕು, ಪೆನ್ಸಿಲು.

"ನೆನಪಿದ್ದಷ್ಟು ಬರ್ಯಾಕತ್ತಿದ್ದೆ ಸರ. ಹನ್ನೆರಡೂ ಕಾಲಿಗೆ ನಳಕ್ಕ ನೀರು ಬಂತು, ಎದ್ದಾಕಿ ಇನ್ನೂ ಕೂತಿಲ್ರೀ."

ಅವೇ ಸಾಲುಗಳು. ಹೊಡೆದುಹಾಕಿದ್ದ ಅದೇ ತಪ್ಪು ಅಳತೆ. ಅದೇ ಅರ್ಧ ಸಾಲು. ನನ್ನ ಹಾಳೆ ನೋಡಿ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಇದು ನಾ ಈಗ ಬರದದ್ದು. ನಿಮ್ಮ ಕಡೆ ಹೆಂಗ ಬಂತ್ರೀ?"

"ಗೊತ್ತಿಲ್ರಿ. ಆದ್ರ ಮೊದಲಿಂದು ಅಳಿಸಿದಾಂವ ನಾನರೀ."

ಅವರು ನೋಟ್‌ಬುಕ್ಕು ಮುಚ್ಚಿದರು. "ನಾಳೆ ಮ್ಯಾನೇಜರ ಮುಂದೂ ಹೀಂಗ ಹೇಳ್ತೀರೋ, ಇಲ್ಲಾ ಮತ್ತ 'ಹುಡುಕೋಣ್ರಿ' ಅಂತೀರೋ?"

ಹೇಳಿದೆ, ಎಲ್ಲರೆದುರು. ಅವರ ಕೆಲಸ ಉಳಿಯಿತು. ಬಳಿಕ ಇಬ್ಬರೂ ಪಟ್ಟಿ ತೆರೆದೆವು. ಫೈಲು ಪೂರ್ತಿಯಾಗಿತ್ತು, ಅವರೂ ಗುರುವಾರ ಸಂಜೆ ನೋಟ್‌ಬುಕ್ಕಿನಲ್ಲಿ ಮುಗಿಸಿದ್ದರು. ಸಾಲಿಗೆ ಸಾಲು ಹೋಲಿಸಿದೆವು. ಫೈಲಿನಲ್ಲಿ ಒಂದು ಸಾಲು ಹೆಚ್ಚಿತ್ತು, ಲೋಹ ಕತ್ತರಿಸುವ ಉಳಿಯನ್ನು ಹಿಂದಕ್ಕೆಳೆಯುವ ಸಾಲು. ಅವರು ಅದನ್ನು ಮರೆತಿದ್ದರು. ಅದಿಲ್ಲದೆ ಲೇತು ಓಡಿಸಿದ್ದರೆ ಉಳಿ ಮುರಿದು ಮುಂದೆ ನಿಂತವನ ಮುಖಕ್ಕೆ ಸಿಡಿಯುತ್ತಿತ್ತು.

ಉಳಿದದ್ದೆಲ್ಲ ಅವರ ಕೈಯದೇ ಎಂದು ಹೇಗೋ ಒಪ್ಪಿಕೊಳ್ಳಬಹುದಿತ್ತು. ಆ ಒಂದು ಸಾಲನ್ನು ಬರೆದವರು ಯಾರು, ಇಂದಿಗೂ ನನಗೆ ತಿಳಿಯದು.