ಹೊಂಗೆ ಮರದಡಿ ಮಗು, ಒಳಗೆ ಪರೀಕ್ಷೆ

ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸಾಗಿದ್ದಾಗ, ಮದುವೆಯಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಯುಸಿ ಪರೀಕ್ಷೆಗೆ ಮತ್ತೆ ಕಟ್ಟಿದೆ. ಮುದ್ದೆ ತಿರುವುವಾಗಲೂ ಇತಿಹಾಸದ ಪುಸ್ತಕ ಒಲೆಯ ಪಕ್ಕದಲ್ಲೇ ಇರುತ್ತಿತ್ತು.

ಪರೀಕ್ಷೆಯ ದಿನ ಅತ್ತೆ ಮಗುವನ್ನೆತ್ತಿಕೊಂಡು ನನ್ನ ಜೊತೆ ಬಸ್ಸಿನಲ್ಲಿ ಕೊರಟಗೆರೆಗೆ ಬಂದರು. ಕಾಲೇಜಿನ ಗೇಟಿನ ಹತ್ತಿರ ಹೊಂಗೆ ಮರದ ನೆರಳಿನಲ್ಲಿ ಕೂತು, “ಇವ್ಳು ಅತ್ರೂ ನೀನು ಎದ್ದು ಬರ್ಬ್ಯಾಡ ಕಣಮ್ಮ. ಪೂರ್ತಿ ಬರ್ದ್‌ಬುಟ್ಟೇ ಬಾ,” ಎಂದರು.

ಅರ್ಧ ಬರೆಯುವಷ್ಟರಲ್ಲಿ ಕಿಟಕಿಯಾಚೆಯಿಂದ ಅವಳ ಅಳು ಕೇಳಿಸಿತು. ಹಾಲು ಜಿನುಗಿ ರವಿಕೆ ಒದ್ದೆಯಾಯಿತು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಬರೆಯುತ್ತಲೇ ಹೋದೆ. ಕೊನೆಯ ಪ್ರಶ್ನೆಯನ್ನೂ ಬಿಡಲಿಲ್ಲ.

ಬೆಲ್ಲು ಹೊಡೆದೊಡನೆ ಓಡಿಬಂದು ಮಗುವನ್ನು ಎದೆಗೆ ಹಾಕಿಕೊಂಡೆ.

“ಹೆಂಗ್ ಬರ್ದೆ?” ಎಂದು ಅತ್ತೆ ಕೇಳಿದರು.

“ಪಾಸಾಗ್ತೀನಿ ಅತ್ತೆ.”

ಪಾಸಾದೆ. ಫಲಿತಾಂಶ ಬಂದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದ್ದು ಅತ್ತೆಯೇ.