ಪಿಂಟ್ಯಾ ನೀರು ಕುಡಿದ ವಿಡಿಯೊ

ಮಾಬುಬಿ ಆಪಾ, ನಾನು ನಿನಗೆ ತೋರಿಸಿದ ವಿಡಿಯೊ ಆವತ್ತಿನದಲ್ಲ. ನಮ್ಮ ನಾಯಿ ಪಿಂಟ್ಯಾ ನಿನ್ನನ್ನು ಕಚ್ಚುವುದಕ್ಕೆ ಎಷ್ಟೋ ಮೊದಲು, ಚಳಿಗಾಲದಲ್ಲಿ ತೆಗೆದದ್ದು. ಅದನ್ನು ನೋಡಿ ನೀನು ಉಳಿದ ಸೂಜಿಗಳನ್ನು ಬಿಟ್ಟೆ. ಆ ಹೊತ್ತಿಗೆ ಪಿಂಟ್ಯಾ ನಮ್ಮ ಹತ್ತಿರ ಇರಲೇ ಇಲ್ಲ — ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ, ಅವನಿಗೆ ಹುಚ್ಚು ಹಿಡಿದಿತ್ತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ನಿನಗೆ ಓದಲು ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನ ಮುಂದೆ ಕೂತಾಗ ನಡುವೆ ಒಂದು ಸುಳ್ಳು ಸೇರಿಸಿ ನುಣುಚಿಕೊಳ್ಳಬಲ್ಲವಳು ನಾನು. ನನ್ನ ಸ್ವಭಾವ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಬರೆದದ್ದನ್ನು ಹಾಗೇ ಓದಿ ಹೇಳಬೇಕು, ಅಷ್ಟೇ.

ನಾಯಿಯನ್ನು ತಂದದ್ದು ನನ್ನ ಹಟಕ್ಕೆ. ಬಳ್ಳಾರಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಗೆಯ ಮಷಿನ್ನು. ನಮ್ಮ ಮನೆಯಲ್ಲೂ ಕೆಳಗೆ ಮಷಿನ್ನು, ಮೇಲೆ ಸಂಸಾರ. ಪ್ಯಾಂಟಿನ ಮೂಟೆ ಕಾಯುವುದಕ್ಕೆ ನಾಯಿ ಬೇಕು ಎಂದು ನನ್ನ ಗಂಡ ವೀರೇಶನಿಗೆ ಹೇಳಿದೆ. ನಿಜ ಏನೆಂದರೆ ನನಗೆ ಆ ಮರಿಯ ಮುಖ ಇಷ್ಟವಾಗಿತ್ತು. ಲ್ಯಾಬ್ ಜಾತಿ ಎಂದು ಕೊಟ್ಟರು. ಬೆಳೆದ ಮೇಲೆ ನೋಡಿದರೆ ಅರ್ಧ ಲ್ಯಾಬ್, ಅರ್ಧ ಓಣಿ. ಕೆಂಪು ಬೆಲ್ಟು ಹಾಕಿ, ದಿನಾ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಮರಿಯಿದ್ದಾಗ ಒಂದು ಸಲ ಸೂಜಿ ಹಾಕಿಸಿದ್ದು ಬಿಟ್ಟರೆ ಮತ್ತೆ ಡಾಕ್ಟರ ಮುಖ ತೋರಿಸಲಿಲ್ಲ. ಮನೆ ಬಿಟ್ಟು ಹೋಗದ ನಾಯಿಗೆ ಯಾವ ರೋಗ ಬಂದೀತು ಅನ್ನುವ ಜಾಣತನ. ಮುದ್ದು ಮಾಡುವುದೇ ಸಾಕುವುದು ಅಂದುಕೊಂಡಿದ್ದೆ.

ಮನೆ ಬಿಟ್ಟು ಹೋಗದ ನಾಯಿ — ಹಾಗೆಂದೆ. ಆದರೆ ಆ ವರ್ಷ ಯುಗಾದಿ ಮುಗಿದ ಮೇಲೆ ಒಂದು ಸಲ ಗೇಟಿನಿಂದ ನುಸುಳಿ ಹೋಗಿ ಬೀದಿನಾಯಿಗಳ ಬಾಯಿಗೆ ಸಿಕ್ಕು ಕಿವಿ ಕಚ್ಚಿಸಿಕೊಂಡು ಬಂದಿದ್ದ. ಅರಿಶಿನ ಮೆತ್ತಿದೆ. ಮತ್ತೆ ಓಡಬಾರದೆಂದು ಮೆಟ್ಟಿಲ ಕೆಳಗೆ, ತಗಡಿನ ಪಕ್ಕ, ಗಿಡ್ಡ ಸರಪಳಿಯಲ್ಲಿ ಕಟ್ಟಿದೆವು. ಬಳ್ಳಾರಿಯ ಬಿಸಿಲಿನಲ್ಲಿ ತಗಡಿನ ಪಕ್ಕ! ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನಿನ್ನನ್ನು ಕಚ್ಚುವುದಕ್ಕೆ ಮುಂಚಿನ ದಿನದಿಂದಲೇ ಅವನು ಅನ್ನ ಮುಟ್ಟಿರಲಿಲ್ಲ. ನೀರಿನ ಬಟ್ಟಲು ಹಾಗೇ ತುಂಬಿತ್ತು. ಬೊಗಳುವ ದನಿ ಒಡೆದಂತಿತ್ತು. ಸರಪಳಿಯನ್ನೇ ಕಚ್ಚುತ್ತಿದ್ದ. ನಾನು ಕರೆದರೆ ನನ್ನ ಕಡೆ ನೋಡದೆ ಗೋಡೆ ನೋಡುತ್ತಿದ್ದ. ಬಿಸಿಲಿನ ತಾಪ ಅಂದುಕೊಂಡೆ. ಇಲ್ಲ — ಹಾಗೆ ಅಂದುಕೊಳ್ಳಲು ನೋಡಿದೆ. ಎದೆಯಲ್ಲಿ ಏನೋ ಚುಚ್ಚಿತ್ತು, ಆಪಾ. ಯಾರಿಗೂ ಹೇಳಲಿಲ್ಲ.

ನೀನು ಎಂದಿನಂತೆ ದಾರ ಕತ್ತರಿಸುವ ಕೆಲಸಕ್ಕೆ ಬಂದೆ. ಪಕ್ಕದ ಮನೆಯವಳೇ ನೀನು; ಮಷಿನ್ನಿನಿಂದ ಇಳಿದ ಪ್ಯಾಂಟುಗಳ ಜೋತುಬಿದ್ದ ದಾರಗಳನ್ನು ನಿನ್ನಷ್ಟು ಬೇಗ ಕತ್ತರಿಸುವವರು ಓಣಿಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಹತ್ತಿರ ನಿಂತು, ದಿನಾ ಮಾಡುವಂತೆ, ಅವನಿಗೆ ಎಲುಬು ನೀಡಲು ಕೈ ಚಾಚಿದೆ. ಅವನು ಎಲುಬು ಬಿಟ್ಟು ನಿನ್ನ ಕೈ ಕಚ್ಚಿ ಹಿಡಿದ. ಬೊಗಳಲೂ ಇಲ್ಲ.

ನಾನು ಏನು ಮಾಡಿದೆ? ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿಯಬೇಕಿತ್ತು. ನಮ್ಮವ್ವ ಮಾಡುತ್ತಿದ್ದಂತೆ ಖಾರದ ಪುಡಿ ತಂದು ಗಾಯಕ್ಕೆ ತುಂಬಿದೆ. ನಿನ್ನ ಮಗಳು ಕುರುಗೋಡಿನಿಂದ ಕಳಿಸಿದ ಮೆಣಸಿನಕಾಯಿಯದೇ ಪುಡಿ, ನೀನೇ ನಮಗೆ ಕೊಟ್ಟದ್ದು. ನೀನು ಚೀರಿದ ದನಿಗೆ ಓಣಿ ಸೇರಿತು. ಯಾರೋ ಕಟ್ಟಿಗೆ ತಂದರು. ಆ ಉರಿಯಲ್ಲೂ ನೀನೇ ಅಡ್ಡ ನಿಂತೆ.

"ಹೊಡೀಬ್ಯಾಡ್ರಲೇ! ಬಿಸಲಿಗೆ ತಲಿ ಕೆಟ್ಟಿರ್ತೈತಿ, ಮೂಕ ಪ್ರಾಣಿ" ಅಂದೆ.

ಅವತ್ತು ದೀಪ ಹಚ್ಚುವ ಹೊತ್ತಿಗೆ ವೀರೇಶ ಲಗೇಜ್ ಆಟೋ ತಂದ. ಮಾಲು ಒಯ್ಯುವ ಗಾಡಿ. ಬಾಯಿಗೆ ಬಟ್ಟೆ ಕಟ್ಟಿ ಪಿಂಟ್ಯಾನನ್ನು ಹತ್ತಿಸಿದೆವು. ನಾನೂ ಹೋದೆ. ನಮ್ಮ ಕಡೆ ನಾಯಿ ಬೇಡವಾದವರೆಲ್ಲ ಮಾಡುವುದು ಇದನ್ನೇ — ಸಿರುಗುಪ್ಪದ ಅಕ್ಕಿ ಮಿಲ್ಲುಗಳ ಹತ್ತಿರ ಬಿಟ್ಟು ಬರುವುದು. ಅಲ್ಲಿ ನುಚ್ಚಿಗೆ ಬರವಿಲ್ಲ, ಇಲಿ ಹೆಗ್ಗಣ ಬೇಕಾದಷ್ಟು, ಹೊಟ್ಟೆ ತುಂಬ ತಿಂದು ಬದುಕುತ್ತವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಯಾವ ನಾಯಿ ಬದುಕಿತು ಎಂದು ತಿರುಗಿ ಹೋಗಿ ನೋಡಿದವರನ್ನು ನಾನು ಕಂಡಿಲ್ಲ. ತೆಕ್ಕಲಕೋಟೆ ದಾಟುವವರೆಗೂ ಅವನು ನನ್ನ ಕಾಲಿಗೆ ಒರಗಿಕೊಂಡೇ ಇದ್ದ. ಮಿಲ್ಲಿನ ಗೋಡೆಯ ಪಕ್ಕ ಇಳಿಸಿ, ಬಟ್ಟೆ ಬಿಚ್ಚಿ, ಓಡಿಬಂದು ಗಾಡಿ ಹತ್ತಿದೆವು. ಅವನು ಬೆನ್ನು ಹತ್ತಲಿಲ್ಲ. ನಿಂತಲ್ಲೇ ನಿಂತಿದ್ದ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಓಣಿಯವರ ಕಟ್ಟಿಗೆಯಿಂದ ಅವನನ್ನು ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ — ನಾಯಿ ಕಣ್ಣಮುಂದೆ ಇದ್ದರೆ ತಾನೇ, ಸೂಜಿ ಹಾಕಿಸಿದ್ದೀರಾ ಎಂದು ಯಾರಾದರೂ ಕೇಳುವುದು?

ಮರುದಿನ ಬೆಳಿಗ್ಗೆ ನಿನ್ನನ್ನು ದವಾಖಾನೆಗೆ ಕರೆದುಕೊಂಡು ಹೋದವಳು ನಾನೇ. ಸೂಜಿ ಬರೆದು ಡಾಕ್ಟರು ನನ್ನ ಕಡೆ ತಿರುಗಿದರು.

"ಸಾಕಿದ ನಾಯಿ ಏನಮ್ಮ? ಕಟ್ಟಿ ಹಾಕಿ ಹತ್ತು ದಿನ ನೋಡ್ರಿ. ಅದು ಆರಾಮ ಇದ್ರ ಚಿಂತಿಲ್ಲ. ಸತ್ತ್ರ, ಇಲ್ಲಾ ಕಾಣದಂಗ ಆದ್ರ, ಇವರು ಒಂದು ಸೂಜೀನೂ ಬಿಡಂಗಿಲ್ಲ."

ನಿನ್ನ ಜೀವಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಹಿಂದಿನ ಸಂಜೆ ನನ್ನ ಕೈಯಾರೆ ಬಿಟ್ಟು ಬಂದಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ: "ದೇಶನೂರಾಗ ನಮ್ಮಕ್ಕನ ಹೊಲದಾಗ ಕಟ್ಟೀವ್ರಿ ಸರ್." ಎಷ್ಟು ಸಲೀಸಾಗಿ ಬಂತು ಗೊತ್ತೇ? ಯಾರೋ ಹೇಳಿಕೊಟ್ಟ ಹಾಗೆ.

ಆಮೇಲೆ ಹುಡುಕಲು ಹೋದೆ. ಅಕ್ಕನ ಮನೆಗೆ ಎಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ಮಿಲ್ಲಿನಿಂದ ಮಿಲ್ಲಿಗೆ, "ಪಿಂಟ್ಯಾ, ಪಿಂಟ್ಯಾ" ಎಂದು ಕೂಗುತ್ತ, ಹೊಟ್ಟಿನ ಧೂಳು ಕಣ್ಣಿಗೆ ತುಂಬಿಕೊಂಡು ಸುತ್ತಿದೆ. ಕೊನೆಗೆ ಒಂದು ಗೇಟಿನಲ್ಲಿ ಕಾವಲಿನವನು ಹೇಳಿದ:

"ಕೆಂಪು ಬೆಲ್ಟಿನ ನಾಯಿ ಏನವ್ವ? ಇತ್ತು. ಕರದ್ರ ಬರ್ತಿದ್ದಿಲ್ಲ. ಜೊಲ್ಲು ಸುರಿಸ್ಕೊಂತ ಗ್ವಾಡಿ ಗುಂಟ ತಿರಗತಿತ್ತು. ನಿನ್ನಿಯಿಂದ ಕಾಣವಲ್ದು."

"ಬಿಸಲಿಗೆ ಯಾವ ನಾಯಿ ಜೊಲ್ಲು ಸುರಸಂಗಿಲ್ಲಣ್ಣ?" ಎಂದು ಅವನನ್ನೇ ಕೇಳಿದೆ. ಅವನು ನನ್ನ ಮುಖ ನೋಡಿದ. ಹಮಾಲರ ಮಕ್ಕಳು ಅಲ್ಲೇ ಗೋಡೆಯ ನೆರಳಲ್ಲಿ ಆಡುತ್ತಿದ್ದರು. ಅವರಲ್ಲಿ ಯಾರನ್ನಾದರೂ ಕಚ್ಚಿದ್ದಾನಾ — ಕೇಳಲು ಧೈರ್ಯವಾಗಲಿಲ್ಲ. ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದೆ. ಅದು ಮಾತ್ರ ನನ್ನನ್ನು ಬಿಟ್ಟಿಲ್ಲ.

ಬಸ್ಸಿನಲ್ಲಿ ನಿರ್ಧಾರ ಮಾಡಿದ್ದೆ, ಆಪಾ. ಇಳಿದ ತಕ್ಷಣ ಹೇಳುತ್ತೇನೆ ಎಂದು. ಆದರೆ ನಮ್ಮ ಮೆಟ್ಟಿಲ ಮೇಲೆ ನೀನೇ ಕಾಯುತ್ತ ಕೂತಿದ್ದೆ. ಕೈ ಬಾತಿತ್ತು. ಹಿಂದಿನ ಕಾಲದ ಹೊಕ್ಕಳ ಸುತ್ತಲಿನ ಸೂಜಿಯ ಕತೆ ಯಾರೋ ಹೇಳಿ ನಿನ್ನನ್ನು ಹೆದರಿಸಿದ್ದರು. ಎಷ್ಟು ಹೇಳಿದರೂ ನಿನ್ನ ಭಯ ಹೋಗಿರಲಿಲ್ಲ.

"ನಾಯಿ ನೋಡಿ ಬಂದ್ಯಾ ತಂಗಿ? ನೀರು ಕುಡೀತೈತಾ?"

ಹುಚ್ಚುನಾಯಿ ನೀರು ಮುಟ್ಟುವುದಿಲ್ಲ ಎಂದು ನೀನು ನಂಬಿದ್ದೆ, ನಾನೂ ನಂಬಿದ್ದೆ, ಓಣಿಯೇ ನಂಬಿತ್ತು. ನಾನು ಫೋನು ತೆಗೆದೆ. ಹಳೆಯ ವಿಡಿಯೊ ಹುಡುಕಿದೆ. ಪಿಂಟ್ಯಾ ಸ್ಟೀಲ್ ಬಟ್ಟಲಿಗೆ ಮೂತಿ ಇಟ್ಟು ಲಪಲಪ ನೀರು ಕುಡಿಯುತ್ತಿದ್ದಾನೆ, ಹಿಂದಿನಿಂದ ನಾನು ನಗುತ್ತಿದ್ದೇನೆ.

"ನೋಡು, ಇವತ್ತು ಮುಂಜಾನಿದು. ಆರಾಮ ಅದಾನ ಆಪಾ."

ನಿನ್ನ ಮುಖ ಅರಳಿತು. "ಅಲ್ಲಾ ದೊಡ್ಡಾವ. ನೀರು ಕುಡೀತೈತಿ ಅಂದ್ರ ಹುಚ್ಚಿಲ್ಲ ಬಿಡು. ನಾ ಇನ್ನ ಸೂಜಿಗೆ ಹೋಗಾಕಿ ಅಲ್ಲ" ಎಂದೆ. ಪಿಂಟ್ಯಾನ ಚಿತ್ರದ ಮೇಲೆ ಬೆರಳು ಸವರಿದೆ. ನಾನು ತಡೆಯಲಿಲ್ಲ.

ಅಂದಿನಿಂದ ನನ್ನ ಭಯದ ಬದುಕು ಶುರುವಾಯಿತು. ನೀನು ಕೆಲಸಕ್ಕೆ ಬಂದ ಕೂಡಲೇ ಚೊಂಬಿನಲ್ಲಿ ನೀರು ತಂದು ಕೊಡುತ್ತಿದ್ದೆ, ನೆನಪಿದೆಯಾ? ಕೇಳುವ ಮೊದಲೇ. ನೀನು ಓಣಿಯವರ ಮುಂದೆಲ್ಲ ಹೊಗಳಿದೆ — ಸುವರ್ಣಾನಂಗ ಬಾಯಾರಿಕೆ ಅರಿತು ನೀರು ಕೊಡಾಕಿನ್ನ ನಾ ಕಂಡಿಲ್ಲ ಎಂದು. ಅದು ಪ್ರೀತಿಯಲ್ಲ, ಆಪಾ. ನಾನು ನಿನ್ನ ಗಂಟಲು ನೋಡುತ್ತಿದ್ದೆ. ನೀರು ಇಳಿಯುತ್ತದೋ ಇಲ್ಲವೋ ಎಂದು. ಇಳಿದರೆ ಆ ದಿನದ ಮಟ್ಟಿಗೆ ನನಗೂ ಅನ್ನ ಇಳಿಯುತ್ತಿತ್ತು. ನಿನಗೆ ಜ್ವರ ಬಂದರೆ ನನಗೆ ನಡುಕ. ಹುಚ್ಚು ಹಿಡಿದವರು ಗಾಳಿಗೂ ಹೆದರುತ್ತಾರಂತೆ; ನೀನು ಫ್ಯಾನಿನ ಗಾಳಿ ಬೇಡ ಅಂದರೆ ಅದೇ ನೆನಪು. ನಿನ್ನನ್ನು ನಾಯಿ ಕಾದ ಹಾಗೆ ಕಾದೆ — ನನ್ನ ನಾಯಿಯನ್ನು ಕಾಯಬೇಕಿದ್ದ ಹತ್ತು ದಿನ ಮಾತ್ರ ಕಾಯಲಿಲ್ಲ.

ಮುಂದಿನ ವರ್ಷ ಬಿಸಿಲು ಏರುವ ಹೊತ್ತಿಗೆ ಒಂದು ದಿನ ನೀನು ಬಂದು ಕೂತೆ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಚೊಂಬು ಮುಂದೆ ಹಿಡಿದೆ. ನೀನು ಮುಖ ತಿರುಗಿಸಿ ಕೈಯಿಂದ ಚೊಂಬನ್ನು ದೂರ ಸರಿಸಿದೆ.

"ಬ್ಯಾಡ."

ಚೊಂಬು ನನ್ನ ಕೈಯಿಂದ ಜಾರಿತು. ನಾನು ಕಿರುಚಿದೆ. ಕುಡಿ, ಕುಡಿ ಆಪಾ, ಒಂದು ಗುಟುಕು ಕುಡಿ ಎಂದು ನಿನ್ನ ಗದ್ದ ಹಿಡಿದು ಅಲುಗಾಡಿಸಿದೆ. ಮಷಿನ್ನುಗಳೆಲ್ಲ ನಿಂತವು. ನೀನು ಬೆರಗಾಗಿ ನೋಡಿ, ಆಮೇಲೆ ನಕ್ಕೆ.

"ಏ ಹುಚ್ಚಿ, ಇವತ್ತಿಂದ ರೋಜಾ ಐತಲ್ಲ! ನಿನ್ನಿ ಚಂದ್ರ ಕಂಡಾನ, ಓಣಿಗೆಲ್ಲ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

ನೆಲದಲ್ಲಿ ಚೆಲ್ಲಿದ ನೀರಿನ ಮೇಲೇ ಕೂತು ಅತ್ತೆ. ಮನೆಯಲ್ಲಿ ಏನೋ ಜಗಳವಾಗಿರಬೇಕೆಂದು ನೀನು ನನ್ನ ತಲೆ ನೇವರಿಸಿದೆ. ರೋಜಾದ ಉಪವಾಸ ಹಿಡಿದವಳು, ಬಾಯಾರಿದವಳು, ನನಗೆ ಸಮಾಧಾನ ಹೇಳಿದೆ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ.

ಆಮೇಲೆ ನೀನು ಮಗಳು ರೇಷ್ಮಾಳ ಮನೆಗೆಂದು ಕುರುಗೋಡಿಗೆ ಹೋದೆ. ನಿಜ ಹೇಳಲೇ — ನನಗೆ ಹಗುರವಾಯಿತು. ಆದರೆ ಭಯ ಫೋನಿನಲ್ಲೂ ಬಂತು. "ಅಮ್ಮ ಊಟ ಮಾಡಿದ್ಲಾ? ನೀರು ಕುಡಿದ್ಲಾ?" ಎಂದು ಕೇಳಿದರೆ ರೇಷ್ಮಾ ನಗುತ್ತಿದ್ದಳು: "ಯಾವಾಗ್ಲೂ ನೀರಿಂದೇ ಮಾತಾತಲ್ಲಕ್ಕ ನಿನ್ದು." ವರ್ಷಗಳು ಹೋದವು. ಇಷ್ಟು ದಿನ ಏನೂ ಆಗಿಲ್ಲ, ಇನ್ನು ಆಗುವುದಿಲ್ಲ. ಆಗುವುದಿದ್ದರೂ ಈಗ ಹೇಳಿ ಏನು ಪ್ರಯೋಜನ — ಇದು ನನ್ನ ಮಂತ್ರವಾಗಿತ್ತು.

ಮೊನ್ನೆ ನಮ್ಮ ಓಣಿಯಲ್ಲಿ ನಾಯಿಗಳಿಗೆ ಸೂಜಿ ಹಾಕುವವರು ಬಂದಿದ್ದರು. ಎದುರು ಮನೆಯವರು ತಮ್ಮ ಮರಿಯನ್ನು ಎತ್ತಿಕೊಂಡು ನಿಂತಿದ್ದರು. ನಾನು ನಾಯಿಯಿಲ್ಲದೆ ಬರಿಗೈಯಲ್ಲಿ ಹೋಗಿ ನಿಂತೆ. ಡಾಕ್ಟರಮ್ಮನನ್ನು, ಯಾರದೋ ವಿಷಯ ಎನ್ನುವಂತೆ ಕೇಳಿದೆ: ಕಚ್ಚಿ ವರ್ಷಗಳಾಗಿವೆ, ಸೂಜಿ ಅರ್ಧಕ್ಕೆ ಬಿಟ್ಟಿದ್ದಾರೆ, ಈಗೇನು ಮಾಡಲು ಬರುತ್ತದೆ?

"ಯಾಕ್ ಬರಂಗಿಲ್ಲ? ರೋಗ ಕಾಣಿಸ್ಕೊಳ್ಳೋ ತನಕ ಯಾವಾಗ್ಲೂ ತಗೋಬಹುದು. ತಡ ಆತು ಅಂತ ಬಿಡಬಾರದು. ಇವತ್ತೇ ದವಾಖಾನಿಗೆ ಕರಕೊಂಡು ಹೋಗ್ರಿ" ಅಂದರು.

ಅಂದರೆ ಪ್ರತಿದಿನವೂ ನಿನ್ನನ್ನು ಸೂಜಿಗೆ ಕರೆದೊಯ್ಯಬಹುದಿತ್ತು. ನೀನು ನೀರು ಕುಡಿದ ಪ್ರತಿದಿನ, ನಾನು ನಿಟ್ಟುಸಿರು ಬಿಟ್ಟ ಪ್ರತಿದಿನ. ನನ್ನ ಸುಳ್ಳು ಒಂದು ಸಂಜೆಯದು ಅಂದುಕೊಂಡಿದ್ದೆ. ಅದನ್ನು ದಿನಾ ಹೊಸದಾಗಿ ಹೇಳುತ್ತ ಬಂದಿದ್ದೆ.

ಅವತ್ತೇ ಕುರುಗೋಡಿಗೆ ಬಂದೆ. ನಿನಗೆ ಸಂಭ್ರಮ. ಒಣಹಾಕಿದ ಮೆಣಸಿನಕಾಯಿಯ ಘಾಟು ಅಂಗಳದ ತುಂಬ. "ಬಾ ತಂಗಿ, ಬಿಸಲಾಗ ಬಂದೀ" ಎಂದು ಕೂಡಿಸಿ, ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದೆ. ಹಿಡಿದ ಕೈಯ ಮೇಲೆ ಆ ಗಾಯದ ಕಲೆ. ನಾನು ಬಾಯಿಗೆ ತಂದೆ. ಒಂದು ಗುಟುಕೂ ಇಳಿಯಲಿಲ್ಲ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ಕಾಳಜಿಯಿಂದ. ತಲೆನೋವು ಎಂದು ಹೇಳಿ, ನೀರನ್ನು ಹಾಗೇ ಇಟ್ಟು, ಮುಂದಿನ ಬಸ್ಸಿಗೆ ಓಡಿಬಂದೆ. ನೋಡು, ಅಲ್ಲೂ ಒಂದು ಸುಳ್ಳು.

ನಾಳೆ ಮೊದಲನೆಯ ಬಸ್ಸಿಗೆ ಮತ್ತೆ ಬರುತ್ತೇನೆ. ವೀರೇಶನಿಗೆ ಹೇಳಿದ್ದೇನೆ, ಬೇಡ ಅಂದ, ಕೇಳಲಿಲ್ಲ. ಹೊಸ್ತಿಲಲ್ಲೇ ನಿಂತು ಇದನ್ನು ಓದುತ್ತೇನೆ. ರೇಷ್ಮಾಳೂ ಕೇಳಲಿ. ನೀನು ಬೈಯಬೇಕು, ಹೊಡೆಯಬೇಕು ಅನಿಸಿದರೆ ಹೊಡಿ, ಆದರೆ ನನ್ನ ಜೊತೆ ದವಾಖಾನೆಗೆ ಬಾ. ನನ್ನ ಜೊತೆ ಬೇಡವೆಂದರೆ ರೇಷ್ಮಾಳ ಜೊತೆ ಹೋಗು. ಡಾಕ್ಟರಿಗೆ, ನಾಯಿ ಕಾಣೆಯಾಯಿತು, ಜೊಲ್ಲು ಸುರಿಸುತ್ತಿತ್ತಂತೆ, ನೀರು ಕುಡಿಯುತ್ತಿರಲಿಲ್ಲ ಎಂದು ಹೇಳು. ಅಲ್ಲಿಂದ ಸಿರುಗುಪ್ಪದ ಆ ಮಿಲ್ಲಿಗೆ ಹೋಗಿ, ಅವತ್ತು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳುತ್ತೇನೆ.

ನಾಳೆ ನನಗೆ ನೀರು ತರಬೇಡ, ಆಪಾ. ಮೊದಲು ಕೇಳಿಸಿಕೋ. ಎಲ್ಲ ಕೇಳಿದ ಮೇಲೂ ನಿನಗೆ ಕೊಡಬೇಕು ಅನಿಸಿದರೆ, ಆಗ ಕೊಡು.